ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಮಾರ್ಗ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಮಾರ್ಗವು ಕರ್ನಾಟಕದ ರಾಜಧಾನಿಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಕರಾವಳಿಯೊಂದಿಗೆ ಜೋಡಿಸುವ ದೂರದ ವಾಯುಮಾರ್ಗವಾಗಿದೆ. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಅವರನ್ನು ಕಾಣಲು ಹೋಗುವ ಹಿರಿಯರಿಗೂ ಇದು ಮುಖ್ಯವಾದ ಮಾರ್ಗವಾಗಿದೆ.

ದೂರ

ಎರಡು ನಗರಗಳ ನಡುವಿನ ಕನಿಷ್ಠ ವಾಯುದೂರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಇರುವುದರಿಂದ ಇದು ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಚಪ್ಪಟೆ ಭೂಪಟದಲ್ಲಿ ಎಳೆದ ಗೆರೆ ಈ ಹಾದಿಯನ್ನು ಸರಿಯಾಗಿ ತೋರಿಸುವುದಿಲ್ಲ. ಭೂಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ಚೀನಾ, ಪೂರ್ವ ಸೈಬೀರಿಯಾ ಹಾಗೂ ಅಲಾಸ್ಕಾ ಪ್ರದೇಶಗಳ ಮೂಲಕ ಸಾಗುತ್ತದೆ. ಉತ್ತರ ಧ್ರುವದ ಮೇಲಿನ ಹಾದಿ ಇದಕ್ಕಿಂತ ಸುಮಾರು 400 ಕಿ.ಮೀ. ಮಾತ್ರ ಹೆಚ್ಚು.

ಮೊದಲ ನೇರ ಹಾರಾಟ

ಏರ್ ಇಂಡಿಯಾದ ಮೊದಲ ನೇರ ವಿಮಾನವು 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ತಲುಪಿತು. ಬೋಯಿಂಗ್ 777-200 ಎಲ್‌ಆರ್ ಮಾದರಿಯ ಈ ವಿಮಾನದ ಚಾಲಕರೆಲ್ಲರೂ ಮಹಿಳೆಯರಾಗಿದ್ದರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ತಂಡದ ನೇತೃತ್ವ ವಹಿಸಿದ್ದರು.

ಅವಧಿ ಮತ್ತು ಗಡಿಯಾರದ ಲೆಕ್ಕ

ನೇರ ಹಾರಾಟಕ್ಕೆ ಸುಮಾರು 16ರಿಂದ 18 ಗಂಟೆ ಬೇಕು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿಯು ಪೂರ್ವಾಭಿಮುಖ ವಿಮಾನಕ್ಕೆ ನೆರವಾಗುತ್ತದೆ, ಎದುರಿನಿಂದ ಬರುವ ವಿಮಾನವನ್ನು ತಡೆಯುತ್ತದೆ. ಆದ್ದರಿಂದ ಹೋಗುವ ಮತ್ತು ಬರುವ ಅವಧಿಗಳು ಒಂದೇ ಆಗಿರುವುದಿಲ್ಲ.

ಚಳಿಗಾಲದಲ್ಲಿ ಭಾರತದ ಗಡಿಯಾರವು ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರಕ್ಕಿಂತ 13 ಗಂಟೆ 30 ನಿಮಿಷ ಮುಂದಿರುತ್ತದೆ. ಅಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಮೊದಲ ವಿಮಾನವು ಶನಿವಾರ ರಾತ್ರಿ 8.30ಕ್ಕೆ ಹೊರಟಾಗ ಭಾರತದಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆಯಾಗಿತ್ತು. ಅದು ಸೋಮವಾರ ನಸುಕಿನಲ್ಲಿ ಇಳಿಯಿತು. ಪಂಚಾಂಗದಲ್ಲಿ ಎರಡು ದಿನ ಕಳೆದಂತೆ ಕಂಡರೂ ನಿಜವಾದ ಹಾರಾಟ 17 ಗಂಟೆಗಳಷ್ಟು ಮಾತ್ರ.

ಮಲೆನಾಡಿನ ಪ್ರಯಾಣಿಕರು

ಸೊರಬ ತಾಲ್ಲೂಕಿನ ಕ್ಯಾಸನೂರು, ನೆರೆಯ ಶಿಕಾರಿಪುರ ಮುಂತಾದೆಡೆಯ ಪ್ರಯಾಣಿಕರು ಮೊದಲು ಬೆಂಗಳೂರನ್ನು ಸೇರಬೇಕು. ಸೋಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಅಲ್ಲಿ ವಿಮಾನ ಸಂಚಾರ ಆರಂಭವಾಯಿತು. ಅದಕ್ಕೂ ಮುನ್ನ ರಸ್ತೆ ಅಥವಾ ರೈಲುಮಾರ್ಗವೇ ಆಧಾರವಾಗಿತ್ತು.

ಊರಿನಿಂದ ಬೆಂಗಳೂರಿಗೆ ತಲುಪುವ ಸಮಯ, ನಿಲ್ದಾಣದಲ್ಲಿನ ತಪಾಸಣೆ ಮತ್ತು ಕಾಯುವಿಕೆ ಸೇರಿದರೆ ಮನೆಯಿಂದ ಮನೆಗೆ ಒಂದು ಹಗಲು, ಒಂದು ರಾತ್ರಿಗೂ ಹೆಚ್ಚು ಹಿಡಿಯುತ್ತದೆ. ನಡುವೆ ವಿಮಾನ ಬದಲಿಸುವ ಪ್ರಯಾಣ ಇನ್ನೂ ದೀರ್ಘ. ಇಂಗ್ಲಿಷ್ ಬಾರದೆ ಒಂಟಿಯಾಗಿ ಹೊರಡುವ ವೃದ್ಧರಿಗೆ ಪರದೇಶದ ನಿಲ್ದಾಣದಲ್ಲಿ ಮುಂದಿನ ದ್ವಾರವನ್ನು ಹುಡುಕುವುದು ಪ್ರಯಾಣದ ಅತ್ಯಂತ ಕಷ್ಟದ ಭಾಗವಾಗಬಹುದು. ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿ ನೆರವನ್ನು ಕೋರಿದರೆ ಸಿಬ್ಬಂದಿಯೇ ಅವರನ್ನು ಮುಂದಿನ ವಿಮಾನಕ್ಕೆ ಕರೆದೊಯ್ಯುತ್ತಾರೆ. ನೇರ ವಿಮಾನಗಳ ವೇಳಾಪಟ್ಟಿಯು ಕಾಲಕಾಲಕ್ಕೆ ಬದಲಾಗುತ್ತಿರುತ್ತದೆ.