ನಿಮಗಿದು ಗೊತ್ತೆ? ಹೊಲದಲ್ಲಿದ್ದ ದೋಣಿ ಭೂಮಿ ಸುತ್ತಿತು!
ಒಬ್ಬನೇ ಮನುಷ್ಯನನ್ನು ಹೊತ್ತು ಮೊಟ್ಟಮೊದಲ ಬಾರಿಗೆ ಭೂಮಿ ಸುತ್ತಿದ ಹಾಯಿದೋಣಿ ಅದಕ್ಕೂ ಮುನ್ನ ಏಳು ವರ್ಷ ಹೊಲವೊಂದರಲ್ಲಿ ಅನಾಥವಾಗಿ ಬಿದ್ದಿತ್ತು.

ಹೆಸರು 'ಸ್ಪ್ರೇ'. ಊರು ಅಮೆರಿಕದ ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್. 1892ರಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಕ್ಯಾಪ್ಟನ್ ಜೋಶುವಾ ಸ್ಲೋಕಮ್‌ಗೆ ಪರಿಚಯದ ಮತ್ತೊಬ್ಬ ಕ್ಯಾಪ್ಟನ್ ಇದನ್ನು ಪುಕ್ಕಟೆಯಾಗಿ ಕೊಟ್ಟ. ಒಡೆದು ಹಾಕಲು ಬಂದಿರಬೇಕು ಎಂದುಕೊಂಡರು ಊರವರು. ಸ್ಲೋಕಮ್ ಕೊಡಲಿ ಹಿಡಿದು ಹೋದದ್ದು ಮರದ ಕಡೆಗೆ. ಹತ್ತಿರದಲ್ಲೇ ಇದ್ದ ಓಕ್ ಮರ ಕಡಿದು ದೋಣಿಯ ತಳಕ್ಕೆ ಹೊಸ ತೊಲೆ ಮಾಡಿದ. ಮೈಗೆ ಒಂದೂವರೆ ಇಂಚು ದಪ್ಪದ ಪೈನ್ ಹಲಗೆ. ಸಂದುಗಳಿಗೆ ಹತ್ತಿ, ನಾರು ತುರುಕಿ ಬಿಗಿ ಮಾಡಿದ. ಕೊನೆಗೆ ಹಳೆಯದೆಂದು ಉಳಿದದ್ದು ಹೆಚ್ಚುಕಡಿಮೆ ಹೆಸರು ಮಾತ್ರ! ಹಿಡಿದ ಕಾಲ 13 ತಿಂಗಳು, ಸಾಮಗ್ರಿಯ ಖರ್ಚು 553 ಡಾಲರ್ 62 ಸೆಂಟ್. ಚಿಲ್ಲರೆಯನ್ನೂ ಬಿಡದೆ ಲೆಕ್ಕ ಬರೆದಿಟ್ಟ ಪುಣ್ಯಾತ್ಮ.

1895ರ ಏಪ್ರಿಲ್ 24ರಂದು ಸ್ಲೋಕಮ್ ಒಬ್ಬನನ್ನೇ ಹೊತ್ತು ಬಾಸ್ಟನ್‌ನಿಂದ ಹೊರಟ 'ಸ್ಪ್ರೇ' ಸುಮಾರು 46,000 ಮೈಲಿ ಸುತ್ತಿ, 1898ರ ಜೂನ್ 27ರಂದು ಅಮೆರಿಕಕ್ಕೆ ಮರಳಿತು. ಉದ್ದ ಬರೀ 37 ಅಡಿ, ಎಂಜಿನ್ ಇರಲಿಲ್ಲ.

ಅಂದಹಾಗೆ, ಕ್ಯಾಪ್ಟನ್ ಸಾಹೇಬರಿಗೆ ಈಜು ಬರುತ್ತಿರಲಿಲ್ಲ.