ನಿಸ್ತಂತು ವಾರ್ತೆಯೂ ನಗರರಕ್ಷಣೆಯೂ

ನಗರವೆಂಬುದು ಹಲವು ಇಲಾಖೆಗಳ ಒಕ್ಕೂಟ. ಬೀದಿಯ ಶಾಂತಿಗೆ ಪೋಲೀಸರು, ಬೆಂಕಿಗೆ ಅಗ್ನಿಶಾಮಕ ದಳ, ಗಾಯಗೊಂಡವರಿಗೆ ಆಂಬುಲೆನ್ಸು, ಚರಂಡಿಗೂ ಬೀದಿದೀಪಕ್ಕೂ ನಗರಪಾಲಿಕೆ: ಹೀಗೆ ಹೊಣೆ ಹಂಚಿಹೋಗಿದೆ. ಆದರೆ ವಿಪತ್ತು ಈ ಹಂಚಿಕೆಯನ್ನು ಗಮನಿಸಿ ಬರುವುದಿಲ್ಲ. ಪ್ರವಾಹ ಬಂದಾಗ ಇವೆಲ್ಲಕ್ಕೂ ಒಂದೇ ಗಳಿಗೆಯಲ್ಲಿ ಕೆಲಸ ಬೀಳುತ್ತದೆ. ಆಗ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದೇ ಎಂಬುದರ ಮೇಲೆ ಜನರ ಪ್ರಾಣ ನಿಂತಿರುತ್ತದೆ.

ಈ ಮಾತಿಗೆ ಚೆನ್ನೈಗಿಂತ ಕಠೋರವಾದ ನಿದರ್ಶನ ಬೇಕಿಲ್ಲ. 2004ರ ಡಿಸೆಂಬರ್ 26ರಂದು ಬೆಳಗ್ಗೆ ಆರೂವರೆಗೆ ಸುಮಾತ್ರದ ಬಳಿ ಸಮುದ್ರತಳ ಕಂಪಿಸಿತು. ಅಲೆಗಳು ಮರೀನಾ ತೀರವನ್ನು ಮುಟ್ಟಿದ್ದು ಒಂಬತ್ತರ ಆಸುಪಾಸಿನಲ್ಲಿ. ನಡುವೆ ಎರಡು ಗಂಟೆಗೂ ಮಿಕ್ಕ ಅವಕಾಶವಿತ್ತು. ಕಾರ್ ನಿಕೋಬಾರ್‌ನ ವಾಯುನೆಲೆಯಿಂದ ಆಪತ್ತಿನ ಸುದ್ದಿ ಏಳೂವರೆಯ ಸುಮಾರಿಗೆ ವಾಯುಪಡೆಯ ಚೆನ್ನೈ ಘಟಕದ ಮೂಲಕ ತಮಗೆ ತಿಳಿಯಿತೆಂದು ಅಂದಿನ ವಾಯುಪಡೆಯ ಮುಖ್ಯಸ್ಥರೇ ಅನಂತರ ಹೇಳಿದರು. ಅಂದರೆ ಸುದ್ದಿ ನಗರಕ್ಕೆ ಬಂದಿದ್ದಿತು. ನಗರದಿಂದ ಕಡಲ ದಂಡೆಗೆ ಹೋಗಲು ಮಾತ್ರ ಅದಕ್ಕೆ ದಾರಿಯಿರಲಿಲ್ಲ. ತೀರದಲ್ಲಿ ನಡೆಯುತ್ತಿದ್ದವರಿಗೂ ಕುಪ್ಪಗಳ ಬೆಸ್ತರಿಗೂ ಅಲೆಯೇ ಮೊದಲ ಎಚ್ಚರಿಕೆಯಾಯಿತು. ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರ ಏರ್ಪಟ್ಟದ್ದು 2007ರಲ್ಲಿ.

ಹೀಗಿರುವಲ್ಲಿ ‘ಹಂಚಿಕೊಂಡ ನಿಸ್ತಂತು ವ್ಯವಸ್ಥೆ’ ಎಂದರೇನು ಎಂಬುದನ್ನು ತಿಳಿಯುವುದು ಅವಶ್ಯ. ಹಿಂದಿನ ಕ್ರಮದಲ್ಲಿ ಪ್ರತಿಯೊಂದು ಇಲಾಖೆಗೂ ತನ್ನದೇ ಆದ ತರಂಗಾಂತರವಿರುತ್ತಿತ್ತು. ಒಂದು ಇಲಾಖೆಯ ವಾಹಿನಿಯಲ್ಲಿ ಮಾತಿನ ಮೇಲೆ ಮಾತು ಬಿದ್ದು ಗೊಂದಲವಾಗುತ್ತಿದ್ದರೂ ಪಕ್ಕದ ಇಲಾಖೆಯ ವಾಹಿನಿ ಬರಿದಾಗಿಯೇ ಇರುತ್ತಿತ್ತು. ಮದರಾಸಿಗೆ ಇಡ್ಲಿ ಕಾಫಿಗಳ ಹೊಟೇಲು ಕಟ್ಟಿದ ಉಡುಪಿಯವರು ಒಂದೊಂದು ಮೇಜನ್ನು ಒಂದೊಂದು ಮನೆತನಕ್ಕೆ ಕಾದಿಟ್ಟಿದ್ದರೆ ಅರ್ಧ ಮೇಜು ಖಾಲಿಯಿದ್ದೂ ಜನ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತೆರವಾದ ಮೇಜಿಗೆ ಮುಂದೆ ಬಂದವರನ್ನು ಕೂರಿಸಿದರು. ಹೊಸ ನಿಸ್ತಂತು ವ್ಯವಸ್ಥೆಯ ತತ್ತ್ವವೂ ಇದೇ. ಎಲ್ಲ ವಾಹಿನಿಗಳನ್ನೂ ಒಂದು ಕೊಳದಂತೆ ಕೂಡಿಹಾಕಿ, ಮಾತನಾಡಲು ಗುಂಡಿ ಒತ್ತಿದವರಿಗೆ ತೆರವಾದದ್ದನ್ನು ಗಣಕಯಂತ್ರವು ಆ ಕ್ಷಣಕ್ಕೆ ಕೊಡುತ್ತದೆ; ಮಾತು ಮುಗಿದೊಡನೆ ಹಿಂದಕ್ಕೆ ಪಡೆಯುತ್ತದೆ. ಪೋಲೀಸರದು ಒಂದು ಗುಂಪು, ಅಗ್ನಿಶಾಮಕರದು ಇನ್ನೊಂದು. ಬೇಕಾದಾಗ ಎರಡನ್ನೂ ಬೆಸೆದು ಮೂರನೆಯ ಗುಂಪನ್ನು ಮಾಡಬಹುದು. ಅಮೆರಿಕದ ಅನೇಕ ಕೌಂಟಿಗಳಲ್ಲಿ ಶಾಲಾ ಬಸ್ಸು, ರಸ್ತೆ ದುರಸ್ತಿಯಂಥ ಸೇವೆಗಳೂ ಇದೇ ಜಾಲವನ್ನು ಬಳಸುವುದುಂಟು. ಯೂರೋಪಿನಲ್ಲಿ ‘ಟೆಟ್ರಾ’, ಅಮೆರಿಕದಲ್ಲಿ ‘ಪಿ-25’ ಎಂಬ ಮಾನಕಗಳು ಇದಕ್ಕಾಗಿಯೇ ರೂಪುಗೊಂಡವು. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡೆಗಳ ಕಾಲಕ್ಕೆ ಟೆಟ್ರಾ ಜಾಲವನ್ನು ಸ್ಥಾಪಿಸಲಾಯಿತು.

ಯಂತ್ರವಿದ್ದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲವೆಂಬುದನ್ನು ನ್ಯೂಯಾರ್ಕಿನ ಅನುಭವ ತೋರಿಸಿದೆ. 2001ರ ಸೆಪ್ಟೆಂಬರ್ 11ರಂದು ಗೋಪುರ ಉಳಿಯದೆಂದು ಪೋಲೀಸ್ ಹೆಲಿಕಾಪ್ಟರಿನಿಂದ ಎಚ್ಚರಿಕೆ ಬಂದಿತು. ಅದು ಪೋಲೀಸರ ವಾಹಿನಿಯಲ್ಲಿ ಸಾಗಿತೇ ಹೊರತು ಒಳಗಿದ್ದ ಅಗ್ನಿಶಾಮಕರಿಗೆ ಮುಟ್ಟಲಿಲ್ಲ. ಆ ದಿನ 343 ಮಂದಿ ಅಗ್ನಿಶಾಮಕರು ಮಡಿದರು. ಸಿರಿವಂತ ನಗರದಲ್ಲಿ ಉಪಕರಣಕ್ಕೆ ಕೊರತೆಯಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಬೇಕೆಂಬ ಒಪ್ಪಂದಕ್ಕೆ ಕೊರತೆಯಿತ್ತು.

ದಕ್ಷಿಣದವರಿಗೆ ಈ ಒಪ್ಪಂದದ ಭಾವನೆ ಹೊಸತಲ್ಲ. ನಮ್ಮ ದೇಶದ ಮೊದಲ ರೇಡಿಯೋ ಸಂಘಗಳಲ್ಲಿ ಒಂದು ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಯತ್ನದಿಂದ 1924ರಲ್ಲಿ ಮದರಾಸಿನಲ್ಲಿ ಹುಟ್ಟಿತು. ಹಣದ ಅಡಚಣೆಯಿಂದ ಅದು ನಿಂತಾಗ ಅದರ ಪ್ರೇಷಕಯಂತ್ರ ನಗರಪಾಲಿಕೆಗೆ ಸೇರಿತು. ಪಾಲಿಕೆಯು 1930ರಿಂದ ತಾನೇ ಪ್ರಸಾರ ನಡೆಸಿ, ರೇಡಿಯೋ ಕೊಳ್ಳಲಾರದವರಿಗೂ ಕಡಲತೀರದಲ್ಲಿ, ಉದ್ಯಾನಗಳಲ್ಲಿ ಸಂಗೀತ ಕೇಳಿಸಿತು. 1938ರಲ್ಲಿ ಆಲ್ ಇಂಡಿಯಾ ರೇಡಿಯೋದ ಕೇಂದ್ರ ಬರುವವರೆಗೆ ಇದು ಸಾಗಿತು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ತೆರೆದ ‘ಆಕಾಶವಾಣಿ’ಯೂ ಇದೇ ಮನೋಧರ್ಮದ್ದು. ಆಕಾಶ ಒಬ್ಬರ ಸ್ವತ್ತಲ್ಲವೆಂಬ ಅರಿವು ಈ ಎರಡು ನಗರಗಳಲ್ಲಿಯೂ ಬೇಗನೆ ಮೂಡಿತ್ತು.

ಇಂದು ಸಾಮಾನ್ಯ ಪ್ರಜೆಗೆ ಈ ವ್ಯವಸ್ಥೆಯ ಹೆಬ್ಬಾಗಿಲು ದೂರವಾಣಿಯೇ. ಪೋಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101 ಎಂಬುದು ಹಳೆಯ ರೂಢಿ. ಆಂಬುಲೆನ್ಸಿನ 108 ಸೇವೆ 2008ರಲ್ಲಿ ತಮಿಳುನಾಡಿಗೂ ಕರ್ನಾಟಕಕ್ಕೂ ಬಂದಿತು. ಈ ಸೇವೆಗಳನ್ನು ಒಂದೇ ಕರೆಗೆ ತರುವ 112 ಎಂಬ ಸಂಖ್ಯೆ ತಮಿಳುನಾಡಿನಲ್ಲಿ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ನಗರಪಾಲಿಕೆಯ ದೂರುಗಳಿಗೆ 1913 ಇದೆ. ಯಾವ ಇಲಾಖೆ ಬೇಕೆಂದು ಆರಿಸುವ ಭಾರವನ್ನು ಸಂಕಟದಲ್ಲಿರುವವನ ತಲೆಯಿಂದ ಇಳಿಸುವುದೇ ಏಕಸಂಖ್ಯೆಯ ಉದ್ದೇಶ.

ಆದರೆ ಈ ಹೆಬ್ಬಾಗಿಲೂ ಮುಚ್ಚಬಹುದು. 2015ರ ಡಿಸೆಂಬರ್ ಮೊದಲ ವಾರ ಚೆಂಬರಂಬಾಕ್ಕಂ ಕೆರೆಯ ನೀರು ಅಡಯಾರನ್ನು ತುಂಬಿ ಹರಿದಾಗ ವಿದ್ಯುತ್ತು ಹೋಯಿತು. ಕೈಫೋನುಗಳು ಎಷ್ಟೋ ಬಡಾವಣೆಗಳಲ್ಲಿ ಮೂಕವಾದವು. 1878ರಲ್ಲಿ ಹುಟ್ಟಿದ ‘ದಿ ಹಿಂದು’ ಪತ್ರಿಕೆಯೂ ಒಂದು ದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಗೋಪುರಗಳನ್ನೂ ತಂತಿಗಳನ್ನೂ ನಂಬದೆ, ಬ್ಯಾಟರಿಯ ಬಲದಿಂದ ನೇರವಾಗಿ ಮಾತನಾಡಬಲ್ಲ ಹವ್ಯಾಸಿ ರೇಡಿಯೋಗೆ ಇಂಥ ವೇಳೆಯಲ್ಲಿಯೇ ಬೆಲೆ. ಸುನಾಮಿಯ ದಿನ ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದ್ದು ಇದರಿಂದಲೇ. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಯಾರೂ ಇದಕ್ಕೆ ಪರವಾನಗಿ ಪಡೆಯಬಹುದು.

ಕೊನೆಯದಾಗಿ ಭಾಷೆಯ ಮಾತು. ಯಂತ್ರ ಬೆಸೆದರೂ ನುಡಿ ಬೆಸೆಯದಿದ್ದರೆ ಕರೆ ವ್ಯರ್ಥ. ಚೆನ್ನೈಯಲ್ಲಿ ಎರಡು ಮೂರು ತಲೆಮಾರು ಕಳೆದ ಕನ್ನಡಿಗರಿಗೆ ತಮಿಳು ಕೈವಶವಾಗಿದೆ. ಆದರೆ ಮಗನ ಮನೆಗೆಂದು ಧಾರವಾಡದಿಂದಲೋ ಶಿವಮೊಗ್ಗೆಯಿಂದಲೋ ಬಂದ ವೃದ್ಧ ತಾಯಿಗೆ ಭಯದ ಗಳಿಗೆಯಲ್ಲಿ ಬಾಯಿಗೆ ಬರುವುದು ಕನ್ನಡವೇ. ಮನೆಯ ಬೀದಿ, ಹತ್ತಿರದ ಗುರುತು, ಒದಗಿದ ಆಪತ್ತು ಇವಿಷ್ಟನ್ನು ತಮಿಳಿನಲ್ಲಿ ಹೇಳುವ ನಾಲ್ಕು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಫೋನಿನ ಬಳಿ ಅಂಟಿಸುವುದು ಸಣ್ಣ ಕೆಲಸ. ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನೂ, ಅವರಿಗಾಗಿ ಎರಡು ನುಡಿಗಳಲ್ಲಿ ಮಾತನಾಡಬಲ್ಲ ನೆರೆಯವರ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಕನ್ನಡ ಸಂಘಗಳಿಗೆ ಸಾಧ್ಯವಾದ ಕೆಲಸ. 2004ರಲ್ಲಿ ಸುದ್ದಿ ನಗರದವರೆಗೆ ಬಂದು ದಂಡೆಗೆ ಹೋಗದೆ ನಿಂತಿತು. ಸುದ್ದಿಯ ಆ ಕೊನೆಯ ಹರದಾರಿಯನ್ನು ದಾಟಿಸುವವರು ಯಾವಾಗಲೂ ಮನುಷ್ಯರೇ.