ಮೈಲಾರನ ನಾಯಿ, ಬಲ್ಬಿನೊಳಗಿನ ನಾಯಿ

ಭಾರತ ಹುಣ್ಣಿಮೆಯ ಜಾತ್ರೆ ಬಂತೆಂದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತುಂಗಭದ್ರೆಯ ದಡದ ಈ ಊರಿಗೆ ಬರುವ ಜನಕ್ಕೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕ ಕೇಳುವ ಕಾತರ. ಅಷ್ಟೇ ಕುತೂಹಲದ ಇನ್ನೊಂದು ನೋಟವೂ ಗೊರವರದೇ. ಕರಿ ಕಂಬಳಿ ಹೊದ್ದ ಅವರು ಹಾಲು, ಬಾಳೆಹಣ್ಣು ತುಂಬಿದ ದೋಣಿಯ ಸುತ್ತ ಬಗ್ಗಿ, ನಾಯಿಯಂತೆ ಬೊಗಳುತ್ತ, ಬಾಯಿಂದಲೇ ಎತ್ತಿ ತಿನ್ನುತ್ತಾರೆ. ತಾವು ಮೈಲಾರಲಿಂಗನ ನಾಯಿಗಳೆಂಬುದು ಅವರ ನಂಬಿಕೆ.

ಈ ನಾಯಿ ಭಕ್ತರ ಮನೆಯ ಜಗಲಿಯಲ್ಲೂ ಉಂಟು. ಹಿತ್ತಾಳೆ, ಬೆಳ್ಳಿಯ ಹಳೆಯ ಮೂರ್ತಿ ಮತ್ತು ತಗಡುಗಳಲ್ಲಿ ಮೈಲಾರ ಮಡದಿಯೊಡನೆ ಕುದುರೆಯೇರಿದ್ದರೆ, ಕುದುರೆಯ ಕಾಲ ಬಳಿ ನಾಯಿ ಓಡುತ್ತಿರುತ್ತದೆ. ಮಹಾರಾಷ್ಟ್ರದಲ್ಲಿ ಇದೇ ದೇವರು ಖಂಡೋಬಾ. ಅಲ್ಲೂ ನಾಯಿ ಜೊತೆಗಿದೆ. ಇಂಥ ಮೂರ್ತಿಗಳು ಹಳೆಯ ವಸ್ತು ಕೂಡಿಡುವವರ ಕಪಾಟನ್ನೂ ಸೇರಿವೆ.

ನಾಯಿಯ ಆಕಾರದ ವಸ್ತುಗಳ ಹುಚ್ಚು ಹೊರದೇಶಗಳಲ್ಲೂ ಇದೆ. ಅದರದೊಂದು ತಮಾಷೆಯ ಕವಲು ಬಲ್ಬುಗಳದು! ಕ್ರಿಸ್‌ಮಸ್ ಗಿಡಕ್ಕೆಂದು ಜಪಾನಿನಲ್ಲಿ ತಯಾರಾಗುತ್ತಿದ್ದ ಹಾಲುಗಾಜಿನ ಪುಟ್ಟ ಬಲ್ಬುಗಳು ನಾಯಿಮರಿಯ ಅಚ್ಚಿನಲ್ಲೂ ಬರುತ್ತಿದ್ದವು, ಮೇಲೆ ಬಣ್ಣ. ಅಮೆರಿಕದ ಏರೋಲಕ್ಸ್ ಕಂಪನಿ 1930ರ ದಶಕದಿಂದ 1970ರ ದಶಕದವರೆಗೆ ಮಾಡಿದ ಬಲ್ಬುಗಳು ಬೇರೆಯೇ ಬಗೆ. ಅವುಗಳಲ್ಲಿ ತಂತಿ ಕಾಯುವುದಿಲ್ಲ. ಹೂವು, ಹಕ್ಕಿ, ನಾಯಿಯ ಆಕಾರಕ್ಕೆ ಕತ್ತರಿಸಿದ ಲೋಹದ ತಗಡು ಒಳಗಿರುತ್ತದೆ. ವಿದ್ಯುತ್ ಹರಿದಾಗ ಸುತ್ತಲಿನ ನಿಯಾನ್ ಅಥವಾ ಆರ್ಗಾನ್ ಅನಿಲ ಆ ಆಕಾರಕ್ಕೆ ಅಂಟಿಕೊಂಡಂತೆ ಮಂದವಾಗಿ ಹೊಳೆಯುತ್ತದೆ.

ಇಂಥ ಬಲ್ಬು ಯಾರದಾದರೂ ಅಟ್ಟದಲ್ಲಿ ಸಿಕ್ಕರೆ ಒಂದು ಎಚ್ಚರಿಕೆ ಅಗತ್ಯ. ಅವು 110 ವೋಲ್ಟಿನ ಆಸುಪಾಸಿಗೆಂದು ಮಾಡಿದವು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ನಾಯಿ ಅಲ್ಲೇ ಪ್ರಾಣ ಬಿಡುತ್ತದೆ. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಸರಿಯಾಗಿ ಉರಿಸಿದರೂ ಸವೆತ ತಪ್ಪದು. ಲೋಹದ ಕಣ ಸಿಡಿದು ಗಾಜಿನ ಒಳಮೈಗೆ ನಿಧಾನವಾಗಿ ಕಪ್ಪು ಕವಿಯುತ್ತದೆ. ಕ್ರಿಸ್‌ಮಸ್ ಬಲ್ಬಿನ ಬಣ್ಣವೂ ಕಾವಿಗೆ ಚಕ್ಕೆಯೇಳುತ್ತದೆ. ಉರಿಸಿದರೆ ಸವೆಯುತ್ತದೆ, ಉರಿಸದಿದ್ದರೆ ಅದು ಬಲ್ಬೇ ಅಲ್ಲ. ಕೂಡಿಡುವವನ ಇಕ್ಕಟ್ಟು ಇದೇ.

ಜಗಲಿಯ ಮೂರ್ತಿಗೂ ಇದೇ ಮಾತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಭಂಡಾರ ಬಳಿದು ಪೂಜಿಸಿದಂತೆಲ್ಲ ನಾಯಿಯ ಕಿವಿ, ಮೂತಿ ನುಣುಪಾಗುತ್ತವೆ. ಸವೆದ ಮುಖ ಕಂಡಾಗ ಹಳೆಯದೆಂದು ಬೆಲೆ ಕಟ್ಟಲಾಗುತ್ತದೆ. ಆದರೆ ಸವೆಸಿದ್ದು ಕಾಲವಷ್ಟೇ ಅಲ್ಲ, ಮನೆಮಂದಿಯ ಕೈ. ಕಪಾಟು ಸೇರಿದ ದಿನ ಸವೆತ ನಿಲ್ಲುತ್ತದೆ, ಕೈಯೂ ನಿಲ್ಲುತ್ತದೆ. ಹಾಗೆಂದು ಸಂಗ್ರಾಹಕರೆಲ್ಲ ತಪ್ಪಿತಸ್ಥರಲ್ಲ. ಕರಗಿಸುವವರ ಕುಲುಮೆಗೆ ಹೋಗಬೇಕಾದದ್ದನ್ನು ಉಳಿಸಿದವರೂ ಅವರೇ.

ಮಾರಲು ಹೊರಟವರು ಕಾನೂನನ್ನೂ ತಿಳಿದಿರಬೇಕು. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಮೂರ್ತಿ ಪುರಾವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕೊಡುವ ಮುನ್ನ ಮನೆಯ ಹಿರಿಯರಿಂದ ಅದು ಯಾರ ಕಾಲದ್ದು, ಯಾವ ಹಬ್ಬಕ್ಕೆ ಹೊರಬರುತ್ತಿತ್ತು ಎಂದು ಕೇಳಿ ಬರೆದಿಡುವುದಕ್ಕೆ ಮಾತ್ರ ಯಾವ ಲೈಸೆನ್ಸೂ ಬೇಡ.

ಬಲ್ಬಿನೊಳಗಿನ ನಾಯಿಯನ್ನು ಹಬ್ಬಕ್ಕೊಮ್ಮೆ ಐದು ನಿಮಿಷ ಬೆಳಗಿಸಿ ಮತ್ತೆ ಹತ್ತಿಯಲ್ಲಿ ಸುತ್ತಿಡಬಹುದು. ಮೈಲಾರನ ನಾಯಿಗೆ ಅಷ್ಟು ಸಾಲದು. ಅದಕ್ಕೆ ವರ್ಷಕ್ಕೊಮ್ಮೆಯಾದರೂ ದೋಣಿ ತುಂಬಬೇಕು!